ಜಾಡಿಯಲ್ಲಿ ಸಾಕಿದ ಮಲೇರಿಯಾ

ಮುಂಬೈಯಲ್ಲಿ ಮಳೆಗಾಲದ ಜ್ವರವೆಂದರೆ ಮೊದಲ ಪ್ರಶ್ನೆ, ‘ಮಲೇರಿಯಾ ಟೆಸ್ಟ್ ಮಾಡಿಸಿದಿರಾ?’ ಬೆರಳಿನ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ, ಜೀಮ್ಸಾ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಇದೆಯೋ ಇಲ್ಲವೋ ಎಂದು ಗೊತ್ತಾಗುತ್ತದೆ. ಆದರೆ ನಾವು ನುಂಗುವ ಮಾತ್ರೆ ಆ ರೋಗಾಣುವನ್ನು ಈಗಲೂ ಕೊಲ್ಲುತ್ತದೆಯೇ? ನಮ್ಮ ದೇಶದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಮಲೇರಿಯಾ 1973ರಲ್ಲೇ ಅಸ್ಸಾಮಿನಲ್ಲಿ ಕಂಡಿತ್ತು. ಇಂಥದ್ದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ರೋಗಾಣುವನ್ನು ಅಲ್ಲೇ ಸಾಕಬೇಕು.

ಆ ದಾರಿ ಸಿಕ್ಕಿದ್ದು 1976ರಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್, ಪೋಷಕ ದ್ರವದಲ್ಲಿ ಮನುಷ್ಯರ ಕೆಂಪು ರಕ್ತಕಣಗಳನ್ನಿಟ್ಟು ಫಾಲ್ಸಿಪಾರಂ ರೋಗಾಣುವನ್ನು ನಿರಂತರವಾಗಿ ಬೆಳೆಸಿದರು. ಅವರ ಉಪಾಯ ಸರಳವಾಗಿತ್ತು: ಜಾಡಿಯೊಳಗೆ ಮೇಣದಬತ್ತಿ ಹಚ್ಚಿ ಮುಚ್ಚಿಬಿಡುವುದು. ಬತ್ತಿ ಆರುವಷ್ಟರಲ್ಲಿ ಆಮ್ಲಜನಕ ಇಳಿದು ಇಂಗಾಲದ ಡೈಆಕ್ಸೈಡ್ ಏರಿರುತ್ತದೆ. ರೋಗಾಣುವಿಗೆ ಆ ಗಾಳಿಯೇ ಹಿತ. ವೈವಾಕ್ಸ್ ಮಾತ್ರ ಹೀಗೆ ಒಗ್ಗಲಿಲ್ಲ. ಅದಕ್ಕೆ ಆಗಷ್ಟೇ ಹುಟ್ಟಿದ ಎಳೆಯ ರಕ್ತಕಣಗಳೇ ಬೇಕು, ಅವು ರಕ್ತದಲ್ಲಿ ಕಡಿಮೆ. ನಮ್ಮ ಕೊಲಾಬಾದ ಟಿಐಎಫ್‌ಆರ್‌ನಲ್ಲಿ ಶೋಭನಾ ಶರ್ಮಾ ಅವರ ತಂಡ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಫಾಲ್ಸಿಪಾರಂನ ಪ್ರೋಟೀನ್‌ಗಳನ್ನೇ.

ಸಾಕಿದ್ದಾಯಿತು, ಎಣಿಸುವುದು ಹೇಗೆ? ಹಳೆಯ ಕ್ರಮದಲ್ಲಿ ಸಾವಿರಾರು ರಕ್ತಕಣಗಳನ್ನು ನೋಡಿ, ಎಷ್ಟರಲ್ಲಿ ರೋಗಾಣುವಿದೆ ಎಂದು ಕಣ್ಣಲ್ಲೇ ಲೆಕ್ಕ ಹಾಕಬೇಕು. ಹತ್ತಾರು ಔಷಧಿ, ಒಂದೊಂದಕ್ಕೂ ಹಲವು ಪ್ರಮಾಣ ಎಂದಾಗ ಕಣ್ಣು ಸೋಲುತ್ತದೆ. ಅಲ್ಲಿ ನೆರವಿಗೆ ಬರುವುದು ದೇಹದ್ದೇ ಒಂದು ಗುಣ: ಬಲಿತ ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇರುವುದಿಲ್ಲ. ಬಿಳಿ ಕಣಗಳನ್ನು ಮೊದಲೇ ತೆಗೆದರೆ, ಉಳಿದ ಡಿಎನ್‌ಎ ಬಹುಪಾಲು ರೋಗಾಣುವಿನದೇ. ಸೈಬರ್ ಗ್ರೀನ್ ಎಂಬ ಬಣ್ಣ ಡಿಎನ್‌ಎಗೆ ಅಂಟಿಕೊಂಡು ಹೊಳೆಯುತ್ತದೆ. 96 ಗುಳಿಗಳ ತಟ್ಟೆಯನ್ನು ಯಂತ್ರದಲ್ಲಿಟ್ಟರೆ ಸಾಕು. ಹೊಳಪು ಕುಗ್ಗಿದಲ್ಲಿ ಔಷಧಿ ಕೆಲಸ ಮಾಡಿದೆ ಎಂದರ್ಥ.

ಆದರೆ ಹೊಳಪಿನಿಂದ ರೋಗಾಣು ಬದುಕಿದೆಯೋ ಸತ್ತಿದೆಯೋ ತಿಳಿಯದು. ಸತ್ತದ್ದರ ಡಿಎನ್‌ಎ ಕೂಡ ಕೆಲಕಾಲ ಹೊಳೆಯಬಹುದು. ಆದ್ದರಿಂದ ಸಂಶಯ ಬಂದಾಗ ಮತ್ತೆ ಜೀಮ್ಸಾ ಬಣ್ಣಕ್ಕೇ ಮರಳಬೇಕು. ಆರೋಗ್ಯವಂತ ರೋಗಾಣು ಉಂಗುರದಂತೆ ಹುಟ್ಟಿ, ದೊಡ್ಡದಾಗಿ, ಸುಮಾರು 48 ಗಂಟೆಗಳಲ್ಲಿ ಒಡೆದು ಹಲವಾಗುತ್ತದೆ. ಸತ್ತದ್ದು ಮುದುಡಿದ ಕಪ್ಪು ಚುಕ್ಕಿ.

ಈ ವ್ಯತ್ಯಾಸ ನಮಗೂ ಉಪಯೋಗಕ್ಕೆ ಬರುತ್ತದೆ. ಫಾಲ್ಸಿಪಾರಂ ಪತ್ತೆಗೆ ಬಳಸುವ ಹಲವು ಪಟ್ಟಿ ಪರೀಕ್ಷೆಗಳು ಹುಡುಕುವುದು ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ಜ್ವರ ವಾಸಿಯಾದ ಮೇಲೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಹಾಗಾಗಿ ಮಾತ್ರೆ ಪೂರ್ತಿ ಮುಗಿಸಿದ ಮೇಲೆ ಪಟ್ಟಿಯಲ್ಲಿ ಗೆರೆ ಕಂಡರೆ ಗಾಬರಿ ಬೇಡ. ಆದರೆ ಜ್ವರವೂ ಮರಳಿದ್ದರೆ ತಡಮಾಡದೆ ಡಾಕ್ಟರನ್ನು ಕಂಡು, ಸೂಕ್ಷ್ಮದರ್ಶಕದ ಪರೀಕ್ಷೆಯನ್ನೇ ಕೇಳಿ.