ಒಂದೇ ಕಫ, ಎರಡು ರೋಗಾಣು

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸಿನ ಐವರು ಯುವಕರ ಕುರಿತು ಪುಟ್ಟ ವರದಿಯೊಂದು ಬಂತು. ಐವರಿಗೂ ನ್ಯುಮೋಸಿಸ್ಟಿಸ್ ಎಂಬ ಅಪರೂಪದ ನ್ಯುಮೋನಿಯಾ. ಅದರ ಜೊತೆಗೆ ಐವರಲ್ಲೂ ಸೈಟೊಮೆಗಾಲೊ ವೈರಸ್ಸಿನ ಕುರುಹು, ಕ್ಯಾಂಡಿಡಾ ಶಿಲೀಂಧ್ರದ ಸೋಂಕು. ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿ ಅದು. ರೋಗನಿರೋಧಕ ಶಕ್ತಿ ಕುಸಿದ ದೇಹಕ್ಕೆ ಸೋಂಕು ಒಂಟಿಯಾಗಿಯೇ ಬರಬೇಕೆಂದಿಲ್ಲ ಎಂಬುದೂ ಅದರಲ್ಲೇ ಇತ್ತು.

ಬ್ಯಾಕ್ಟೀರಿಯಾಗಳದ್ದೂ ಇದೇ ಕಥೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಕಿಮೊಥೆರಪಿಯಲ್ಲಿರುವವರು, ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗುವವರು, ಎಚ್‌ಐವಿ ಸೋಂಕಿತರು: ಇವರ ಶ್ವಾಸಕೋಶದಲ್ಲಿ ಕ್ಲೆಬ್ಸಿಯೆಲ್ಲಾ ಜೊತೆ ಕ್ಷಯವೂ, ಸ್ಯೂಡೊಮೊನಾಸ್ ಜೊತೆ ನೊಕಾರ್ಡಿಯಾವೂ ಒಟ್ಟಿಗೇ ಬೀಡುಬಿಟ್ಟಿರಬಹುದು. ಬಿಳಿ ರಕ್ತಕಣಗಳು ತೀರಾ ಕಡಿಮೆಯಿದ್ದರೆ ಕೀವೂ ಕಡಿಮೆ. ಎಕ್ಸ್‌ರೇಯಲ್ಲಿ ನೆರಳೂ ಮಸುಕು.

ಲ್ಯಾಬಿನಲ್ಲಿ ಮೊದಲು ಕೈಗೆ ಸಿಗುವುದು ಬೇಗ ಬೆಳೆಯುವ ರೋಗಾಣು. ಕಫವನ್ನು ಅಗಾರ್ ತಟ್ಟೆಯ ಮೇಲೆ ಹಚ್ಚಿಟ್ಟರೆ ಮರುದಿನವೇ ಕ್ಲೆಬ್ಸಿಯೆಲ್ಲಾದ ಲೋಳೆಲೋಳೆ ಗುಂಪುಗಳು ಹರಡಿಕೊಂಡಿರುತ್ತವೆ. ಮಣ್ಣಿನಲ್ಲಿ ವಾಸಿಸುವ ನೊಕಾರ್ಡಿಯಾಕ್ಕೆ ಹಲವು ದಿನ, ಕೆಲವೊಮ್ಮೆ ಎರಡು ಮೂರು ವಾರ ಬೇಕು. ಕ್ಷಯದ ರೋಗಾಣು ಘನ ಮಾಧ್ಯಮದಲ್ಲಿ ಆರರಿಂದ ಎಂಟು ವಾರ ಕೇಳುತ್ತದೆ. ಎರಡೇ ದಿನಕ್ಕೆ ವರದಿ ಕೊಟ್ಟು ತಟ್ಟೆಯನ್ನು ಎಸೆದುಬಿಟ್ಟರೆ ನಿಧಾನಿಗಳು ಲೆಕ್ಕಕ್ಕೇ ಸಿಗುವುದಿಲ್ಲ. ಪರೀಕ್ಷೆಯ ಚೀಟಿಯಲ್ಲಿ ವೈದ್ಯರು ‘ನೊಕಾರ್ಡಿಯಾ ಶಂಕೆ’ ಎಂದು ಬರೆದರೆ ಲ್ಯಾಬಿನವರು ತಟ್ಟೆಯನ್ನು ಹೆಚ್ಚು ದಿನ ಕಾದಿಡುತ್ತಾರೆ.

ಸೂಕ್ಷ್ಮದರ್ಶಕದಲ್ಲೂ ಮೋಸಹೋಗುವ ಸಂಭವವಿದೆ. ಕ್ಷಯ ಪರೀಕ್ಷೆಯಲ್ಲಿ ಕಫಕ್ಕೆ ಕೆಂಪು ಬಣ್ಣ ಕೊಟ್ಟು ಪ್ರಬಲ ಆಮ್ಲದಿಂದ ತೊಳೆಯುತ್ತಾರೆ. ಕ್ಷಯದ ರೋಗಾಣು ಬಣ್ಣ ಬಿಡುವುದಿಲ್ಲ. ನೊಕಾರ್ಡಿಯಾ ಬಣ್ಣ ಹಿಡಿದುಕೊಳ್ಳುವುದು ಅರೆಬರೆ. ಹಾಗಾಗಿ ಅದಕ್ಕೆ ಶೇ. 1ರಷ್ಟು ತೆಳು ಗಂಧಕಾಮ್ಲ ಬಳಸುತ್ತಾರೆ. ಆಗ ಮಣಿ ಪೋಣಿಸಿದಂತಹ, ಕವಲೊಡೆದ ಕೆಂಪು ಎಳೆಗಳು ಕಾಣುತ್ತವೆ. ಅವುಗಳ ತುಂಡುಗಳನ್ನು ಕ್ಷಯವೆಂದೇ ಓದಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟ ಪ್ರಕರಣಗಳು ಭಾರತದಲ್ಲೂ ದಾಖಲಾಗಿವೆ.

ಕ್ಷಯದ ರೋಗಾಣುವನ್ನೇ ಹುಡುಕಿ ಸುಮಾರು ಎರಡು ಗಂಟೆಯಲ್ಲಿ ಫಲಿತಾಂಶ ಕೊಡುವ ಸಿಬಿನಾಟ್ ಪರೀಕ್ಷೆ ಇಲ್ಲಿ ನೆರವಾಗುತ್ತದೆ. ಕಫದ ಸ್ಲೈಡಿನಲ್ಲಿ ಪಾಸಿಟಿವ್, ಸಿಬಿನಾಟ್‌ನಲ್ಲಿ ನೆಗೆಟಿವ್ ಬಂದರೆ ವೈದ್ಯರು ನೊಕಾರ್ಡಿಯಾದ ಕಡೆಗೂ ಕಣ್ಣುಹಾಯಿಸಬೇಕು. ಹಾಗೆಂದು ಸಿಬಿನಾಟ್ ಪಾಸಿಟಿವ್ ಬಂದರೂ ಹುಡುಕಾಟ ಮುಗಿದಂತಲ್ಲ. ಅದು ಕ್ಷಯವನ್ನು ಬಿಟ್ಟು ಬೇರೆ ರೋಗಾಣುವಿನ ಸುದ್ದಿ ಹೇಳುವುದಿಲ್ಲ. ಹತ್ತಾರು ರೋಗಾಣುಗಳನ್ನು ಒಮ್ಮೆಲೇ ಶೋಧಿಸುವ ಪಿಸಿಆರ್ ಕಿಟ್‌ಗಳೂ ತಮ್ಮ ಪಟ್ಟಿಯಲ್ಲಿರುವುದನ್ನಷ್ಟೇ ಹಿಡಿಯಬಲ್ಲವು. ಕಫದಲ್ಲಿ ಸುಳಿವು ಸಿಗದಿದ್ದರೆ ಬ್ರಾಂಕೋಸ್ಕೋಪಿ ಮಾಡಿ, ಶ್ವಾಸಕೋಶದೊಳಗೆ ಲವಣಜಲ ಬಿಟ್ಟು, ಮರಳಿ ಹೀರಿ ಪರೀಕ್ಷಿಸುತ್ತಾರೆ.

ಇಷ್ಟೆಲ್ಲ ಪಾಡು ಏಕೆಂದರೆ ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ನೊಕಾರ್ಡಿಯಾಕ್ಕೆ ಕೋಟ್ರಿಮಾಕ್ಸಜೋಲ್‌ನಂತಹ ಬೇರೆಯೇ ಔಷಧ, ಅದೂ ಹಲವು ತಿಂಗಳು. ಮೆಡಿಕಲ್ ಶಾಪಿನಿಂದ ತಂದು ನುಂಗಿದ ಲಿವೊಫ್ಲಾಕ್ಸಸಿನ್‌ನಂತಹ ಆ್ಯಂಟಿಬಯೋಟಿಕ್ ಕ್ಷಯವನ್ನು ತುಸು ಅಡಗಿಸಿ ಪತ್ತೆಯನ್ನೇ ತಡಮಾಡಬಲ್ಲದು. ಆದ್ದರಿಂದ ಸ್ಟೀರಾಯ್ಡ್, ಕಸಿ, ಕಿಮೊಥೆರಪಿಯ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ. ಸಾಧ್ಯವಿದ್ದಷ್ಟೂ ಆ್ಯಂಟಿಬಯೋಟಿಕ್ ಶುರುವಾಗುವ ಮುನ್ನವೇ ಕಫ ಕೊಡಿ. ಔಷಧ ಸರಿಯಾಗಿ ತೆಗೆದುಕೊಂಡರೂ ಜ್ವರ ಇಳಿಯದಿದ್ದರೆ, ಮತ್ತೊಂದು ಸೋಂಕು ಇರಬಹುದೇ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ.