ಭಯವೂ ನಮ್ಮದೇ, ಟಿಕೆಟ್ಟೂ ನಮ್ಮದೇ

ಮಿರಜ್ ತಾಲ್ಲೂಕಿನ ಬೇಡಗದ ಸುತ್ತಮುತ್ತ ಎಲೆಬಳ್ಳಿ ಮತ್ತು ದ್ರಾಕ್ಷಿ ತೋಟಗಳು ಹೆಚ್ಚು. ಈ ಸೀಮೆಯಲ್ಲಿ ಶಾಲೆಯ ಟ್ರಿಪ್ ಎಂದರೆ ಪನ್ಹಾಳಗಡ, ಕೊಲ್ಹಾಪುರದ ಮಹಾಲಕ್ಷ್ಮಿ, ಕಣೇರಿ ಮಠ. ಈಗಿನ ಮಕ್ಕಳ ಬಾಯಲ್ಲಿ ಮಾತ್ರ ಬೇರೆಯೇ ಹೆಸರು: ಇಮ್ಯಾಜಿಕಾ. ಮುಂಬೈ-ಪುಣೆ ಹೆದ್ದಾರಿಯ ಖೋಪೋಲಿ ಹತ್ತಿರ ಘಟ್ಟದ ಬುಡದಲ್ಲಿರುವ ಈ ಪಾರ್ಕಿಗೆ ಮಕ್ಕಳ ಹಟಕ್ಕೆ ಸೋತು ಅಪ್ಪ-ಅವ್ವ, ಕಾಕಾ-ಕಾಕಿಯರೂ ಗಾಡಿ ಮಾಡಿಕೊಂಡು ಹೊರಡುತ್ತಾರೆ. ಅಲ್ಲಿ ರೋಲರ್ ಕೋಸ್ಟರಿನ ಕಬ್ಬಿಣದ ಹಳಿ ಆಕಾಶದಲ್ಲಿ ತಿರುಚಿಕೊಂಡಿರುವುದನ್ನು ಕಂಡು, "ಇದರಾಗ ರೊಕ್ಕಾ ಕೊಟ್ಟು ಕೂಡೂದಾ?" ಎಂದು ಕೇಳದ ಕಾಕಾ ಇರಲಿಕ್ಕಿಲ್ಲ.

ಪ್ರಶ್ನೆ ಸರಿಯಾದದ್ದೇ. ಆದರೆ ಭಯದ ಆಟಕ್ಕೆ ರೊಕ್ಕ ಕೊಡುವುದು ಈ ಸೀಮೆಗೆ ಹೊಸದೇನಲ್ಲ. ಭಾರತದ ಮೊದಲ ಸರ್ಕಸ್ ಕಟ್ಟಿದ ವಿಷ್ಣುಪಂತ ಛತ್ರೆ ಸಾಂಗಲಿ ಜಿಲ್ಲೆಯ ಅಂಕಲಖೋಪದವರು. ಕುದುರೆ ಪಳಗಿಸುವುದರಲ್ಲಿ ಎತ್ತಿದ ಕೈ. ಮುಂಬೈಗೆ ಬಂದಿದ್ದ ಇಟಲಿಯ ಕಿಯಾರಿನಿ, ಹಿಂದುಸ್ಥಾನದವರಿಂದ ಸರ್ಕಸ್ ಆಗದು ಎಂದು ಜಂಬ ಕೊಚ್ಚಿದನಂತೆ. ಆ ಮಾತೇ ಛತ್ರೆಯವರಿಗೆ ಹಟ ಹುಟ್ಟಿಸಿತು ಎನ್ನುತ್ತಾರೆ. 1880ರಲ್ಲಿ ಅವರ 'ಗ್ರೇಟ್ ಇಂಡಿಯನ್ ಸರ್ಕಸ್' ಶುರುವಾಯಿತು. ಛತ್ರೆ ಗ್ವಾಲಿಯರ್ ಘರಾಣೆಯ ಹದ್ದೂಖಾನರ ಬಳಿ ಖಯಾಲ್ ಕಲಿತವರು ಕೂಡ. ಗುರುವಿನ ಮಗ ರಹಿಮತ್‌ಖಾನರು ದಿಕ್ಕುಗೆಟ್ಟಿದ್ದಾಗ ತಮ್ಮೊಂದಿಗೆ ಇರಿಸಿಕೊಂಡು ಸಾಕಿದರು. ಹುಲಿ, ಕುದುರೆ, ಖಯಾಲು ಒಂದೇ ಡೇರೆಯಲ್ಲಿ! ಬೇಡಗಕ್ಕೆ ಹತ್ತಿರದ ಮ್ಹೈಸಾಳದಿಂದಲೂ ದೇವಲ್ ಸರ್ಕಸ್ ಹೊರಟು ಊರೂರು ತಿರುಗಿತು. ಛತ್ರೆಯವರ ಪ್ರೇರಣೆಯಿಂದಲೇ ಕೇರಳದ ತಲಶೇರಿ ಬಳಿ ಕೀಲೇರಿ ಕುಞ್ಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆ ತೆರೆದರು. ಮುಂದೆ ಆ ವಿದ್ಯೆಗೆ ಕೇರಳವೇ ತವರಾಯಿತು. ಇಲ್ಲಿಂದ ಅಲ್ಲಿಗೆ ಹೋದ ಸಾಲವನ್ನು ಕೇರಳ ಬೇರೆ ರೂಪದಲ್ಲಿ ತೀರಿಸಿತು ಅನ್ನಬಹುದು. ಬಿಡದಿಯಲ್ಲಿ 2005ರಲ್ಲಿ ತೆರೆದ ವಂಡರ್‌ಲಾ ಪಾರ್ಕ್ ಕೊಚ್ಚಿಯ ವೀಗಾಲ್ಯಾಂಡ್ ಪಾರ್ಕಿನ ತಮ್ಮ.

ಸರ್ಕಸ್ ಬಿಟ್ಟರೆ ಜಾತ್ರೆ, ಉರುಸು. ಅಲ್ಲಿ ಮೌತ್ ಕಾ ಕುಂವಾ. ಹಲಗೆ ಜೋಡಿಸಿದ ದುಂಡು ಬಾವಿ, ಮೇಲೆ ಅಂಚಿಗೆ ನಿಂತ ನಾವು, ಒಳಗೆ ಗೋಡೆಯ ಮೇಲೆ ಅಡ್ಡಡ್ಡ ಓಡುವ ಮೋಟರ್‌ಸೈಕಲ್ಲು, ಅದರ ಜತೆಗೆ ಮಾರುತಿ ಕಾರು. ಹುಡುಗ ಎರಡೂ ಕೈ ಬಿಟ್ಟು ನಮ್ಮ ಬೆರಳ ತುದಿಯ ಹತ್ತರ ನೋಟನ್ನು ಕಿತ್ತುಕೊಂಡು ಹೋಗುತ್ತಾನೆ. ಅವನು ಬೀಳದೇ ಇರುವುದಕ್ಕೆ ಮಂತ್ರವಿಲ್ಲ. ವೇಗವಾಗಿ ಸುತ್ತುವ ಗಾಲಿ ಗೋಡೆಯನ್ನು ಒತ್ತುತ್ತದೆ, ಗೋಡೆ ಗಾಲಿಯನ್ನು ಒತ್ತುತ್ತದೆ, ಆ ಒತ್ತಿನಿಂದ ಹುಟ್ಟುವ ಘರ್ಷಣೆ ಅವನ ಭಾರ ಹೊರುತ್ತದೆ. ವೇಗ ಇಳಿದರೆ ಅವನೂ ಇಳಿಯಬೇಕು. ಬೆಲ್ಟಿಲ್ಲ, ಬಲೆಯಿಲ್ಲ, ತಲೆಗೆ ಹೆಲ್ಮೆಟ್ಟೂ ಇರುವುದಿಲ್ಲ. ನನ್ನನ್ನು ಕೇಳಿದರೆ, ನಮ್ಮ ಕಡೆಯ ಯಾವ ಆಟದಲ್ಲೂ ಇಷ್ಟು ನಿಜವಾದ ಅಪಾಯ ಇಷ್ಟು ಅಗ್ಗಕ್ಕೆ ಮಾರಾಟವಾಗುವುದಿಲ್ಲ. ಆದರೆ ಅಲ್ಲಿ ಭಯ ಅವನದು, ಟಿಕೆಟ್ಟು ನಮ್ಮದು. ಪಕ್ಕದಲ್ಲಿ ತಿರುಗುವ ದೊಡ್ಡ ತೊಟ್ಟಿಲಿನಲ್ಲಿ ಮಾತ್ರ ನಾವೇ ಒಂದಿಷ್ಟು ಹೆದರುತ್ತೇವೆ, ಅದೂ ಮೇಲಿನಿಂದ ಕೆಳಗೆ ಬರುವಾಗ.

ಪಾರ್ಕಿನಲ್ಲಿ ಬದಲಾಗುವುದು ಇದೇ. ಯಾವ ತಾಲೀಮೂ ಇಲ್ಲದೆ ನೀವೇ ಸರ್ಕಸ್ಸಿನ ಆಟಗಾರ. ಹಾಗೆ ಮಾಡಲು ಅಪಾಯವನ್ನು ತೆಗೆದು ಭಯವನ್ನಷ್ಟೇ ಉಳಿಸಬೇಕು. ಅದೇ ಇಲ್ಲಿನ ಕಸುಬು.

ಇಮ್ಯಾಜಿಕಾ ಕಟ್ಟಿದವರು ಕರಾವಳಿ ಮೂಲದ ಮನಮೋಹನ ಶೆಟ್ಟಿ. 1978ರಲ್ಲಿ ಆ್ಯಡ್‌ಲ್ಯಾಬ್ಸ್ ಎಂಬ ಫಿಲ್ಮ್ ಸಂಸ್ಕರಣ ಲ್ಯಾಬ್ ಶುರುಮಾಡಿ, ಓಂ ಪುರಿ ನಟಿಸಿದ 'ಅರ್ಧಸತ್ಯ'ದ ನಿರ್ಮಾಪಕರಲ್ಲಿ ಒಬ್ಬರಾದವರು. 2013ರ ಏಪ್ರಿಲ್‌ನಲ್ಲಿ ಪಾರ್ಕ್ ತೆರೆಯಿತು. ಸಿನಿಮಾದವರು ಕಟ್ಟಿದ್ದು ಎಂಬುದು ಒಳಗೆ ಕಾಲಿಟ್ಟರೆ ಗೊತ್ತಾಗುತ್ತದೆ. 'ಮಿಸ್ಟರ್ ಇಂಡಿಯಾ' ಚಿತ್ರದ ಹೆಸರಿನಲ್ಲೇ ಒಂದು ರೈಡ್ ಇದೆ. 2022ರಲ್ಲಿ ಇದು ಸಂಗಮನೇರದ ಮಾಲಪಾಣಿ ಸಮೂಹದ ಕೈಗೆ ಹೋಯಿತು.

ಇಲ್ಲಿಯ ದೊಡ್ಡ ಪರೀಕ್ಷೆ 'ನೈಟ್ರೊ' ಎಂಬ ರೋಲರ್ ಕೋಸ್ಟರ್. ಎತ್ತರ ಸುಮಾರು 40 ಮೀಟರ್, ಐದು ಸಲ ತಲೆಕೆಳಗು. ಕೂತು ಹೆಗಲ ಮೇಲಿನ ಪಟ್ಟಿ ಎಳೆದುಕೊಂಡ ಮೇಲೆ ಕಾಲ ಕೆಳಗಿನ ನೆಲವೇ ಸರಿದುಹೋಗುತ್ತದೆ. ಪಾದ ಗಾಳಿಯಲ್ಲಿ. ಆಮೇಲೆ ಚೈನು ಮೇಲಕ್ಕೆ ಎಳೆಯುತ್ತದೆ, ಟಕ್ ಟಕ್ ಟಕ್. ಹೊಸಬರು ಆ ಸದ್ದಿಗೇ ಅರ್ಧ ಸಾಯುತ್ತಾರೆ. ನಿಜ ಹೇಳಬೇಕೆಂದರೆ ಅದರಷ್ಟು ಧೈರ್ಯ ಕೊಡುವ ಸದ್ದು ಅಲ್ಲಿ ಇನ್ನೊಂದಿಲ್ಲ: ಗಾಡಿ ಹಿಂದಕ್ಕೆ ಜಾರದಂತೆ ಒಂದೊಂದು ಹಲ್ಲಿಗೂ ಕೊಕ್ಕೆ ಬೀಳುವ ಸದ್ದು ಅದು. ತುದಿ ಮುಟ್ಟಿದ ಮೇಲೆ ಎಂಜಿನ್ನಿನ ಕೆಲಸ ಮುಗಿಯಿತು. ಮುಂದಿನದೆಲ್ಲ ಏರಿದ ಎತ್ತರದ ದುಡಿಮೆ. 40 ಮೀಟರ್ ಎತ್ತರದಿಂದ ಇಳಿದರೆ ವೇಗ ತಾಸಿಗೆ ಸುಮಾರು 100 ಕಿಲೋಮೀಟರ್ ತಲುಪುತ್ತದೆ ಎಂಬುದು ಹೈಸ್ಕೂಲ್ ಲೆಕ್ಕ.

ಗಾಡಿ ಹಳಿ ಬಿಟ್ಟು ಹಾರುವುದಿಲ್ಲವೇ? ಗಾಲಿಗಳು ಮೂರು ಜಾಗದಲ್ಲಿರುತ್ತವೆ, ಹಳಿಯ ಮೇಲೆ, ಮಗ್ಗುಲಿಗೆ, ಕೆಳಗೆ. ಕೆಳಗಿನ ಗಾಲಿಯ ಉಪಾಯಕ್ಕೆ ಜಾನ್ ಮಿಲ್ಲರ್ ಎಂಬ ಅಮೆರಿಕನ್ 1919ರಲ್ಲೇ ಪೇಟೆಂಟ್ ಪಡೆದಿದ್ದ. ತಲೆಕೆಳಗು ಮಾಡುವ ಸುರುಳಿಯನ್ನು ಗಮನಿಸಿ ನೋಡಿ, ಅದು ಬಳೆಯಂತೆ ಪೂರ್ತಿ ದುಂಡಗಿರುವುದಿಲ್ಲ, ಮೇಲೆ ಕಿರಿದಾಗುತ್ತದೆ. ಹಳೆಯ ಕಾಲದ ದುಂಡು ಸುರುಳಿಗಳಲ್ಲಿ ಹತ್ತಿದವರ ಕತ್ತು ಉಳುಕುತ್ತಿತ್ತು. ಜರ್ಮನಿಯ ವರ್ನರ್ ಸ್ಟೆಂಗೆಲ್ 1976ರಲ್ಲಿ ಕ್ಯಾಲಿಫೋರ್ನಿಯಾದ ಪಾರ್ಕೊಂದರಲ್ಲಿ ಆಕಾರ ತಿದ್ದಿದ ಮೇಲೆ ತಲೆಕೆಳಗಾಗುವುದು ಸಾಮಾನ್ಯರಿಗೂ ದಕ್ಕಿತು. ಹಳಿಯನ್ನು ತುಂಡು ತುಂಡಾಗಿ ಭಾಗ ಮಾಡಿರುತ್ತಾರೆ. ಮುಂದಿನ ಗಾಡಿ ದಾಟುವವರೆಗೆ ಹಿಂದಿನದಕ್ಕೆ ಆ ತುಂಡಿಗೆ ಪ್ರವೇಶವಿಲ್ಲ. ಮಿರಜ್ ಜಂಕ್ಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾದು ಕೂತು ಬೈದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊಟ್ಟೆಯೊಳಗೆ ಏನೋ ಖಾಲಿಯಾದಂತೆ ಆಗುವುದು ಮಾತ್ರ ಯಾವ ಲೆಕ್ಕಕ್ಕೂ ಸಮಾಧಾನವಾಗದು. ಬೀಳುವಾಗ ದೇಹದ ಜತೆಗೆ ಕರುಳೂ ಬೀಳುತ್ತಿರುತ್ತದೆ, ಅದನ್ನು ಕೆಳಗಿನಿಂದ ಆನಿಸುವ ಒತ್ತಡ ಇಲ್ಲವಾಗುತ್ತದೆ, ಅಷ್ಟೇ. ಹಾಗೆಂದು ತಿಳಿದಿದ್ದರೂ ಬಾಯಿಂದ "ಯವ್ವಾ!" ಹೊರಡುತ್ತದೆ.

ಮೊದಲ ಸಲ ಹೋಗುವವರು ಎರಡು ಥರದ ತಯಾರಿ ಮಾಡಿಕೊಳ್ಳಬೇಕು, ಒಂದು ಮೈಗೆ, ಇನ್ನೊಂದು ತಾಳ್ಮೆಗೆ. ಜಾತ್ರೆಯಲ್ಲಿ ಆಟಕ್ಕೊಂದು ಚೀಟಿ. ಇಲ್ಲಿ ಬಾಗಿಲಲ್ಲೇ ಒಟ್ಟು ದುಡ್ಡು, ಅದೂ ದ್ರಾಕ್ಷಿ ಸೀಜನ್ ಕೈಹಿಡಿದ ವರ್ಷ ಕೊಡುವಂಥದು. ಕೊಟ್ಟ ಮೇಲೆ ಎಷ್ಟು ಸಲ ಬೇಕಾದರೂ ಹತ್ತಿ. ರವಿವಾರ ಹೋದರೆ ಆ ದುಡ್ಡೆಲ್ಲ ಪಾಳಿ ಹಚ್ಚುವುದರಲ್ಲೇ ಕರಗುತ್ತದೆ, ನಡುವಾರ ಮೇಲು. ಅಳತೆಗೋಲಿಗೆ ಗೇಣು ಕಡಿಮೆಯಾದ ಮಗುವನ್ನು "ಕೂಡಿಸ್ರೀ ಸಾಹೇಬ್ರ" ಎಂದು ಎಷ್ಟು ಬೇಡಿಕೊಂಡರೂ ಕೂಡಿಸುವುದಿಲ್ಲ, ಕೂಡಿಸಬಾರದು; ಪಟ್ಟಿ ಕೂರುವುದು ಮೈಯಳತೆಗೆ. ಬಸುರಿಯರು, ಹೃದಯದ ಅಥವಾ ಬೆನ್ನಿನ ತೊಂದರೆ ಇದ್ದವರು ದೂರ ನಿಂತು ನೋಡುವುದೇ ಸರಿ. ಕನ್ನಡಕ, ಮೊಬೈಲು, ಕಾಲಲ್ಲಿ ನಿಲ್ಲದ ಚಪ್ಪಲಿ ಕೆಳಗೇ ಇರಲಿ. ಹೊರಗಿನ ಬುತ್ತಿಯನ್ನು ಒಳಗೆ ಬಿಡುವ ರೂಢಿ ಇಂಥ ಪಾರ್ಕುಗಳಲ್ಲಿ ಇಲ್ಲ, ಆದ್ದರಿಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಗಾಡಿಯಲ್ಲೇ ಬಿಡಿ. ನೈಟ್ರೊ ಇಳಿದ ಮೇಲೆ ಅದಕ್ಕೆ ರುಚಿ ಜಾಸ್ತಿ. ಮೊದಲೇ ತಿಂದು ಹತ್ತಿದವರ ಗತಿ ಹೇಳುವುದು ಬೇಡ.

ಹಿರಿಯರಿಗೆ 'ಐ ಫಾರ್ ಇಂಡಿಯಾ' ಸಾಕು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಎದುರಿನ ದೊಡ್ಡ ಪರದೆಯಲ್ಲಿ ದೇಶದ ಮೇಲೆ ಹಾರಿದ ಅನುಭವ. ಮಕ್ಕಳಿಗೆ ರಾಜಾಸಾರಸ್ ಎಂಬ ನೀರಿನ ಸವಾರಿ. ಆ ಡೈನೋಸಾರ್ ಸುಮ್ಮನೆ ಹುಟ್ಟಿಸಿದ ಪ್ರಾಣಿಯಲ್ಲ, ಗುಜರಾತಿನಲ್ಲಿ ಅದರ ಎಲುಬು ಸಿಕ್ಕು 2003ರಲ್ಲಿ ವಿಜ್ಞಾನಿಗಳು ಆ ಹೆಸರಿಟ್ಟರು. ಅದರಲ್ಲಿ ಮೈ ತೊಯ್ಯುವುದು ಖಾತ್ರಿ. ಒಂದು ಜೊತೆ ಒಣ ಬಟ್ಟೆ ಇರಲಿ, ಕಾಕಾನಿಗೂ ಸೇರಿಸಿ.