ಗಾತ್ರವೇ ಗುಣ: ನ್ಯಾನೋ ವಸ್ತುಗಳ ತಯಾರಿ ಮತ್ತು ಬಳಕೆ

ಚಿನ್ನದ ಬಣ್ಣ ಹಳದಿ ಎಂಬುದು ಆಭರಣದ ಮಟ್ಟಿಗೆ ಮಾತ್ರ ನಿಜ. ಅದೇ ಲೋಹವನ್ನು ಸುಮಾರು 20 ನ್ಯಾನೋಮೀಟರ್ ಅಗಲದ ಕಣಗಳಾಗಿ ನೀರಿನಲ್ಲಿ ಹರಡಿದರೆ ನೀರು ಮಾಣಿಕ್ಯದ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಕಣಗಳು 100 ನ್ಯಾನೋಮೀಟರಿನತ್ತ ದೊಡ್ಡದಾದಂತೆ ಆ ಕೆಂಪು ನೇರಳೆಯ ಕಡೆಗೆ ಸರಿಯುತ್ತದೆ. ಯಾವ ಬಣ್ಣವನ್ನೂ ಬೆರೆಸಿಲ್ಲ. ಬದಲಾಗಿರುವುದು ಕಣದ ಗಾತ್ರವೊಂದೇ. ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ 1ರಿಂದ 100 ನ್ಯಾನೋಮೀಟರ್ ಒಳಗಿರುವ ಪದಾರ್ಥಗಳಿಗೆ ನ್ಯಾನೋ ವಸ್ತುಗಳೆಂದು ಹೆಸರು. ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಮನುಷ್ಯನ ತಲೆಗೂದಲಿನ ದಪ್ಪವೇ 80,000 ನ್ಯಾನೋಮೀಟರಿನ ಆಸುಪಾಸಿನಲ್ಲಿರುತ್ತದೆ.

ಇಷ್ಟು ಕಿರಿದಾದಾಗ ಗುಣ ಬದಲಾಗಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ಮೇಲ್ಮೈ. ಒಂದು ಸೆಂಟಿಮೀಟರ್ ಅಂಚಿನ ಘನಾಕೃತಿಯ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರ್ ಅಂಚಿನ ಚೂರುಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆ ಆಗುತ್ತದೆ. ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಾದ್ದರಿಂದ, ಜಡವೆನಿಸಿಕೊಂಡ ವಸ್ತುವೂ ಚುರುಕಾಗುತ್ತದೆ. ಕೆಲವೇ ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ವಿಷಕಾರಿ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ತಾಪದಲ್ಲೂ ಉತ್ಕರ್ಷಿಸಬಲ್ಲವು ಎಂಬುದನ್ನು ಜಪಾನಿನ ಮಸಾಟಾಕೆ ಹರುಟಾ 1987ರಲ್ಲಿ ತೋರಿಸಿದರು. ಎರಡನೆಯದು ಎಲೆಕ್ಟ್ರಾನುಗಳ ವರ್ತನೆ. ಕಣ ಕಿರಿದಾದಂತೆ ಎಲೆಕ್ಟ್ರಾನುಗಳ ಓಡಾಟಕ್ಕೆ ಜಾಗ ಸಾಲದಾಗುತ್ತದೆ, ಅವು ಬೆಳಕನ್ನು ಹೀರುವ ಮತ್ತು ಹೊಮ್ಮಿಸುವ ರೀತಿ ಬದಲಾಗುತ್ತದೆ.

ಮನುಷ್ಯ ಈ ಕಣಗಳನ್ನು ಅರಿಯುವ ಮೊದಲೇ ಬಳಸಿದ್ದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ನಾಲ್ಕನೆಯ ಶತಮಾನದ ರೋಮನ್ ಬಟ್ಟಲು, ಲೈಕರ್ಗಸ್ ಕಪ್, ಹೊರಗಿನಿಂದ ಬೆಳಕು ಬಿದ್ದಾಗ ಹಸಿರು, ಒಳಗಿನಿಂದ ಬೆಳಗಿದಾಗ ಕೆಂಪು. ಗಾಜಿನಲ್ಲಿ ಸೇರಿಹೋಗಿರುವ ಬೆಳ್ಳಿ ಮತ್ತು ಚಿನ್ನದ ನ್ಯಾನೋ ಕಣಗಳೇ ಇದಕ್ಕೆ ಕಾರಣ. ಚಿನ್ನದ ಕೆಂಪು ದ್ರಾವಣವನ್ನು ವೈಜ್ಞಾನಿಕವಾಗಿ ಪರಿಶೀಲಿಸಿ, ಬಣ್ಣಕ್ಕೆ ಕಾರಣ ಅತಿ ಸೂಕ್ಷ್ಮ ಲೋಹದ ಕಣಗಳೆಂದು 1857ರಲ್ಲಿ ವಾದಿಸಿದವನು ಮೈಕೇಲ್ ಫ್ಯಾರಡೆ. ಅಂಥ ಕಣಗಳನ್ನು ನೋಡುವ ಉಪಕರಣ ಅವನ ಕಾಲದಲ್ಲಿ ಇರಲಿಲ್ಲ. ಒಂದೊಂದೇ ಪರಮಾಣುವಿನ ಮಟ್ಟದಲ್ಲಿ ಮೇಲ್ಮೈಯ ಚಿತ್ರ ಕೊಡುವ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಬಂದದ್ದು 1981ರಲ್ಲಿ. ಅದನ್ನು ರೂಪಿಸಿದ ಗೆರ್ಡ್ ಬಿನ್ನಿಗ್ ಮತ್ತು ಹೈನ್‌ರಿಕ್ ರೋರರ್ 1986ರ ಭೌತವಿಜ್ಞಾನದ ನೊಬೆಲ್‌ನಲ್ಲಿ ಪಾಲು ಪಡೆದರು.

ತಯಾರಿಕೆಗೆ ಎರಡು ದಾರಿಗಳಿವೆ: ದೊಡ್ಡದನ್ನು ಒಡೆದು ಕಿರಿದಾಗಿಸುವುದು, ಇಲ್ಲವೇ ಪರಮಾಣುಗಳನ್ನು ಕೂಡಿಸಿ ಬೆಳೆಸುವುದು. ಒಡೆಯುವ ದಾರಿಯಲ್ಲಿ ಅತ್ಯಂತ ಸರಳವಾದದ್ದು ಬಾಲ್ ಮಿಲ್. ಗಟ್ಟಿ ಗುಂಡುಗಳ ಜೊತೆ ಪುಡಿಯನ್ನು ಡಬ್ಬಿಯಲ್ಲಿ ಹಾಕಿ ಗಂಟೆಗಟ್ಟಲೆ ತಿರುಗಿಸಲಾಗುತ್ತದೆ. ಖರ್ಚು ಕಡಿಮೆ, ಆದರೆ ಕಣಗಳು ಒಂದೇ ಅಳತೆಯಲ್ಲಿ ಸಿಗುವುದಿಲ್ಲ, ಗುಂಡುಗಳಿಂದ ಸವೆದ ಲೋಹವೂ ಸೇರಿಕೊಳ್ಳುತ್ತದೆ. ಇದೇ ದಾರಿಯ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಚಿಪ್ಪಿನ ತಯಾರಿಕೆ ಇದೆ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ವಿನ್ಯಾಸ ಮೂಡಿಸಿ, ಬೇಡದ ಭಾಗವನ್ನು ಕೊರೆದು ತೆಗೆಯುತ್ತಾರೆ. ಇಂದಿನ ಅತಿ ಸೂಕ್ಷ್ಮ ಚಿಪ್ಪುಗಳಿಗೆ ಬಳಸುವ ನೇರಳಾತೀತ ಬೆಳಕಿನ ತರಂಗಾಂತರ 13.5 ನ್ಯಾನೋಮೀಟರ್. ಕರಗಿದ ತವರದ ಹನಿಗಳಿಗೆ ಲೇಸರ್ ಹೊಡೆದು ಆ ಬೆಳಕನ್ನು ಹುಟ್ಟಿಸುತ್ತಾರೆ. ಜಾಹೀರಾತುಗಳಲ್ಲಿ ಕಾಣುವ ‘3 ನ್ಯಾನೋಮೀಟರ್ ಚಿಪ್’ ಎಂಬುದು ಒಂದು ತಲೆಮಾರಿನ ತಂತ್ರಜ್ಞಾನದ ಹೆಸರು ಮಾತ್ರ. ಚಿಪ್ಪಿನೊಳಗಿನ ಭಾಗಗಳ ನಿಜವಾದ ಅಳತೆ ಅದಕ್ಕಿಂತ ದೊಡ್ಡದು.

ಕೂಡಿಸುವ ದಾರಿಯೇ ರಸಾಯನ ವಿಜ್ಞಾನದ ನಿಜವಾದ ಕೈಚಳಕ. ಇಲ್ಲಿ ಕಣಗಳನ್ನು ಹುಟ್ಟಿಸುವುದು ಸುಲಭ, ಹುಟ್ಟಿದ ಕಣಗಳು ಬೆಳೆಯದಂತೆ, ಒಂದಕ್ಕೊಂದು ಅಂಟದಂತೆ ತಡೆಯುವುದು ಕಷ್ಟ. 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದಕ್ಕೆ ಒಳ್ಳೆಯ ಉದಾಹರಣೆ. ಚಿನ್ನದ ಲವಣದ ತೆಳು ದ್ರಾವಣವನ್ನು ಕುದಿಸಿ, ಅದಕ್ಕೆ ಸೋಡಿಯಂ ಸಿಟ್ರೇಟ್ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ದ್ರಾವಣ ಕೆಂಪಾಗುತ್ತದೆ. ಸಿಟ್ರೇಟ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಚಿನ್ನದ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹವಾಗಿಸುತ್ತದೆ. ಆಮೇಲೆ ಕಣಗಳ ಮೈಗೆ ಕವಚದಂತೆ ಹತ್ತಿಕೊಂಡು ಋಣ ವಿದ್ಯುದಂಶ ತುಂಬುತ್ತದೆ. ಒಂದೇ ಬಗೆಯ ವಿದ್ಯುದಂಶ ಹೊತ್ತ ಕಣಗಳು ಪರಸ್ಪರ ವಿಕರ್ಷಿಸುವುದರಿಂದ ಗಂಟು ಕಟ್ಟುವುದಿಲ್ಲ. ಸಿಟ್ರೇಟಿನ ಪ್ರಮಾಣ ಹೆಚ್ಚಿಸಿದರೆ ಕಣ ಸಣ್ಣದಾಗುತ್ತದೆ, ಇಳಿಸಿದರೆ ದೊಡ್ಡದಾಗುತ್ತದೆ. ಅದೇ ದ್ರಾವಣಕ್ಕೆ ಅಡುಗೆ ಉಪ್ಪು ಹಾಕಿದರೆ ವಿಕರ್ಷಣೆ ಕುಂದಿ ಕಣಗಳು ಒತ್ತೊತ್ತಾಗಿ ಸೇರುತ್ತವೆ, ಕೆಂಪು ನೀಲಿಯಾಗುತ್ತದೆ.

ಗಾತ್ರದ ಮೇಲಿನ ಈ ಹಿಡಿತ ಇನ್ನೂ ಬಿಗಿಯಾದದ್ದು ಕ್ವಾಂಟಮ್ ಡಾಟ್‌ಗಳಲ್ಲಿ. ಇವು ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಹರಳುಗಳು. ಕ್ಯಾಡ್ಮಿಯಂ ಸೆಲೆನೈಡಿನ ಹರಳು ಸುಮಾರು 2 ನ್ಯಾನೋಮೀಟರ್ ಇದ್ದರೆ ನೀಲಿಯಾಗಿ, 6 ನ್ಯಾನೋಮೀಟರ್ ಇದ್ದರೆ ಕೆಂಪಾಗಿ ಹೊಳೆಯುತ್ತದೆ. ಅಲೆಕ್ಸಿ ಎಕಿಮೊವ್ 1980ರ ದಶಕದ ಆರಂಭದಲ್ಲಿ ಇವನ್ನು ಗಾಜಿನೊಳಗೆ ಕಂಡರು, ಲೂಯಿ ಬ್ರೂಸ್ ದ್ರಾವಣದಲ್ಲಿ ಕಂಡರು. ಆದರೆ ಎಲ್ಲ ಹರಳುಗಳೂ ಒಂದೇ ಗಾತ್ರದಲ್ಲಿ ಸಿಗದೆ ಬಣ್ಣ ಶುದ್ಧವಾಗಿ ಬರುವುದಿಲ್ಲ. ಮೌಂಗಿ ಬವೆಂಡಿಯವರ ತಂಡ 1993ರಲ್ಲಿ ಇದಕ್ಕೆ ಉಪಾಯ ಕಂಡುಕೊಂಡಿತು. ಸುಮಾರು 300 ಡಿಗ್ರಿಗೆ ಕಾಯಿಸಿದ ದ್ರಾವಕದೊಳಗೆ ಕಚ್ಚಾ ಪದಾರ್ಥಗಳನ್ನು ಒಮ್ಮೆಲೇ ಚುಚ್ಚಿದಾಗ ಎಲ್ಲ ಹರಳುಗಳ ಬೀಜಗಳೂ ಏಕಕಾಲಕ್ಕೆ ಮೊಳೆಯುತ್ತವೆ. ತಕ್ಷಣ ತಾಪ ಇಳಿಯುವುದರಿಂದ ಹೊಸ ಬೀಜ ಹುಟ್ಟುವುದಿಲ್ಲ. ಮತ್ತೆ ಹದವಾಗಿ ಕಾಯಿಸಿದಾಗ ಇರುವ ಬೀಜಗಳೆಲ್ಲ ಸಮನಾಗಿ ಬೆಳೆಯುತ್ತವೆ, ಬೇಕಾದ ಬಣ್ಣ ಬಂದೊಡನೆ ತಣ್ಣಗಾಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಈ ಮೂವರಿಗೆ 2023ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಅಂಗಡಿಗಳಲ್ಲಿ ಕ್ಯೂಎಲ್‌ಇಡಿ ಹೆಸರಿನಲ್ಲಿ ಮಾರಾಟವಾಗುವ ಟಿವಿಗಳಲ್ಲಿ ನೀಲಿ ಎಲ್‌ಇಡಿಗಳ ಬೆಳಕಿನ ಒಂದು ಪಾಲನ್ನು ಶುದ್ಧ ಹಸಿರು ಮತ್ತು ಕೆಂಪಿಗೆ ಬದಲಿಸುವುದು ಇಂಥ ಹರಳುಗಳ ಹಾಳೆ. ಕ್ಯಾಡ್ಮಿಯಂ ವಿಷಕಾರಿಯಾದ್ದರಿಂದ ಅನೇಕ ತಯಾರಕರು ಇಂಡಿಯಂ ಫಾಸ್ಫೈಡಿಗೆ ಹೊರಳಿದ್ದಾರೆ.

ಇಂಗಾಲದ ಕಥೆ ಬೇರೆ. ಅದರ ನ್ಯಾನೋ ಕೊಳವೆಗಳನ್ನು ಆವಿಯಿಂದ ಬೆಳೆಸುತ್ತಾರೆ. ಕಬ್ಬಿಣ, ಕೋಬಾಲ್ಟ್ ಅಥವಾ ನಿಕ್ಕಲ್ಲಿನ ಸೂಕ್ಷ್ಮ ಕಣಗಳ ಮೇಲೆ, ಕುಲುಮೆಯ ಬಿಸಿಯಲ್ಲಿ, ಮೀಥೇನ್ ಅಥವಾ ಅಸಿಟಿಲೀನ್ ಅನಿಲ ಹಾಯಿಸಿದರೆ ಅನಿಲ ಒಡೆದು, ಇಂಗಾಲ ಕಣದ ಮೇಲೆ ಕೊಳವೆಯಾಗಿ ನೀಳವಾಗುತ್ತದೆ. ಕೊಳವೆಯ ವ್ಯಾಸವನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಲೋಹದ ಕಣದ ಗಾತ್ರವೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಲೋಹ-ಸಾವಯವ ಸಂಯುಕ್ತಗಳ ಆವಿಯನ್ನು ಬಳಸಿ ವೈ ಆಕಾರದಲ್ಲಿ ಕವಲೊಡೆಯುವ ಕೊಳವೆಗಳನ್ನು ಬೆಳೆಸಿ 2000ದಲ್ಲಿ ಪ್ರಕಟಿಸಿತು. ಇಂದು ಈ ಕೊಳವೆಗಳ ದೊಡ್ಡ ಬಳಕೆ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲಿದೆ. ವಿದ್ಯುದ್ವಾರದ ಪುಡಿಯ ನಡುವೆ ಅವು ವಿದ್ಯುತ್ ಹರಿಯುವ ಜಾಲವನ್ನು ಹೆಣೆಯುತ್ತವೆ.

ವೈದ್ಯಕೀಯದಲ್ಲಿ ನ್ಯಾನೋ ಕಣ ಮನೆಮನೆಗೂ ತಲುಪಿದೆ. ಗರ್ಭಧಾರಣೆ ಪರೀಕ್ಷಿಸುವ ಪಟ್ಟಿಗಳಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ಕಣಗಳದ್ದು. ಕಣಕ್ಕೆ ಅಂಟಿಸಿದ ಪ್ರತಿಕಾಯ ಮೂತ್ರದಲ್ಲಿರುವ ಹಾರ್ಮೋನನ್ನು ಹಿಡಿಯುತ್ತದೆ, ಗೆರೆಯ ಜಾಗದಲ್ಲಿ ಕಣಗಳು ಜಮಾಯಿಸಿ ಬಣ್ಣ ಕಾಣುತ್ತದೆ. ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳು ಕೆಲಸ ಮಾಡಿದ್ದೇ ಸುಮಾರು 100 ನ್ಯಾನೋಮೀಟರಿನ ಕೊಬ್ಬಿನ ಕಣಗಳಿಂದ. ಮದ್ಯಸಾರದಲ್ಲಿ ಕರಗಿಸಿದ ಕೊಬ್ಬಿನಂಶಗಳನ್ನೂ ಆಮ್ಲೀಯ ನೀರಿನಲ್ಲಿರುವ ಎಂಆರ್‌ಎನ್‌ಎಯನ್ನೂ ಅತಿ ವೇಗವಾಗಿ ಬೆರೆಸಿದಾಗ ಈ ಕಣಗಳು ತಾವಾಗಿಯೇ ರೂಪುಗೊಳ್ಳುತ್ತವೆ. ಈ ಹೊದಿಕೆ ಇಲ್ಲದಿದ್ದರೆ ನಾಜೂಕಾದ ಎಂಆರ್‌ಎನ್‌ಎ ಜೀವಕೋಶ ತಲುಪುವ ಮೊದಲೇ ಚೂರಾಗುತ್ತಿತ್ತು.

ಭಾರತಕ್ಕೆ ಇವೆಲ್ಲಕ್ಕಿಂತ ತುರ್ತಿನದು ಕುಡಿಯುವ ನೀರು. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ನ್ಯಾನೋ ರಚನೆಯ ಕಬ್ಬಿಣದ ಸಂಯುಕ್ತವೊಂದನ್ನು ಬಳಸಿ ಆರ್ಸೆನಿಕ್ ಸೋಸುವ ‘ಅಮೃತ್’ ವ್ಯವಸ್ಥೆಯನ್ನು ರೂಪಿಸಿತು. ವಿದ್ಯುತ್ತಿಲ್ಲದೆಯೂ ನಡೆಯಬಲ್ಲ ಇಂಥ ಸೋಸುಕ ಬಂಗಾಳದ ಹಳ್ಳಿಗಳಿಗೆ ಮಾತ್ರವಲ್ಲ, ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಗಿರುವ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಊರುಗಳಿಗೂ ಬೇಕಾದದ್ದು.

ಗಾತ್ರ ಬದಲಾದರೆ ಗುಣ ಬದಲಾಗುವುದಾದರೆ ಅಪಾಯವೂ ಬದಲಾಗಬಹುದು. ಉದ್ದನೆಯ, ಗಡುಸಾದ ಇಂಗಾಲದ ಕೊಳವೆಗಳನ್ನು ಇಲಿಗಳ ಕಿಬ್ಬೊಟ್ಟೆಗೆ ಸೇರಿಸಿದಾಗ ಕಲ್ನಾರಿನಂಥದೇ ಉರಿಯೂತ ಉಂಟಾದದ್ದನ್ನು 2008ರ ಅಧ್ಯಯನವೊಂದು ವರದಿ ಮಾಡಿತು. ತಿನಿಸಿಗೆ ಬಿಳುಪು ಕೊಡಲು ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡ್ ಪುಡಿಯಲ್ಲಿ ನ್ಯಾನೋ ಕಣಗಳೂ ಇರುತ್ತವೆ. ಅದು ವಂಶವಾಹಿಗೆ ಹಾನಿ ಮಾಡದೆಂದು ಖಚಿತವಾಗಿ ಹೇಳಲಾಗದ ಕಾರಣ ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ದಪ್ಪ ಪುಡಿಯಾಗಿದ್ದಾಗ ನಿರಪಾಯವೆನಿಸಿದ ವಸ್ತುವನ್ನು ನ್ಯಾನೋ ರೂಪದಲ್ಲಿ ಹೊಸ ವಸ್ತುವೆಂದೇ ಎಣಿಸಿ ಪರೀಕ್ಷಿಸಬೇಕು. ಸೌಂದರ್ಯವರ್ಧಕಗಳಲ್ಲಿ ನ್ಯಾನೋ ಕಣಗಳಿದ್ದರೆ ಲೇಬಲ್ಲಿನಲ್ಲಿ ಅದನ್ನು ನಮೂದಿಸುವುದು ಐರೋಪ್ಯ ಒಕ್ಕೂಟದ ದೇಶಗಳಲ್ಲಿ 2013ರಿಂದ ಕಡ್ಡಾಯ. ಮೈಗೆ ಹಚ್ಚುವ, ಬಾಯಿಗೆ ಹಾಕುವ ಪ್ರತಿಯೊಂದು ಪದಾರ್ಥದಲ್ಲೂ ಆ ಮಾಹಿತಿ ಕೊಳ್ಳುವವರಿಗೆ ಎಲ್ಲ ದೇಶಗಳಲ್ಲೂ ಸಿಗುವಂತಾಗಬೇಕು.